ಭಾನುವಾರ 38 ಜನ: ನಮ್ಮ ಸಭೆ ಸೊರಗಿದೆಯೇ?

ಖಜಾಂಚಿ ಟೀಚರ್:

ಎಲ್ಲರಿಗೂ ವಂದನೆಗಳು. ಗದಗ ಸೀಮೆಯ ಒಂದು ಸಣ್ಣ ಊರಿನ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಲೆಕ್ಕವನ್ನು ಒಂಬತ್ತು ವರ್ಷಗಳಿಂದ ನಾನೇ ಬರೆಯುತ್ತಿದ್ದೇನೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದ ಸಭೆ. ಪುಸ್ತಕದಲ್ಲಿ 61 ಕುಟುಂಬಗಳಿವೆ. ಆರಾಧನೆಗೆ ಬರುವವರು 38 ಜನ, ಮಳೆ ಹಿಡಿದರೆ ಇಪ್ಪತ್ತು. ನಮಗೂ ಪಕ್ಕದ ಎರಡು ಊರುಗಳಿಗೂ ಸೇರಿ ಒಬ್ಬರೇ ಅಯ್ಯನವರು, ಅಂದರೆ ಸಭಾಪಾಲಕರು. ಅವರು ಬಾರದ ವಾರ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಪ್ರಸಂಗ (ಉಪದೇಶ) ಮಾಡುತ್ತಾರೆ. ಈ ವರ್ಷ ನಮ್ಮನ್ನು ಮೂರು ಸಲ ಬೈಬಲಿನ ನೋಹನ ನಾವೆ ಹತ್ತಿಸಿದ್ದಾರೆ, ಮೂರೂ ಸಲ ಅದೇ ಕಥೆ.

ಕಳೆದ ಬೆಳೆ ಹಬ್ಬದಲ್ಲಿ, ಸಭೆಗೆ ಕಾಣಿಕೆಯಾಗಿ ಬಂದ ಬೆಳೆಯ ಹರಾಜಿನಲ್ಲಿ, ಒಂದು ಕುಂಬಳಕಾಯಿಯಿಂದ 2,600 ರೂಪಾಯಿ ಬಂತು. ಚಪ್ಪಾಳೆಯೋ ಚಪ್ಪಾಳೆ. ರಸೀದಿ ಹರಿಯುವಾಗ ನೋಡಿದರೆ, ಒಬ್ಬರು ಕೊಂಡು ಮರಳಿ ಮೇಜಿನ ಮೇಲಿಟ್ಟಿದ್ದಾರೆ, ಇನ್ನೊಬ್ಬರು ಕೊಂಡು ಮತ್ತೆ ಇಟ್ಟಿದ್ದಾರೆ. ಒಂದೇ ಕಾಯಿ ಮೂರು ಮನೆ ಸುತ್ತಿದೆ. ಪ್ರತಿ ವರ್ಷ ಕೂಗುವವರು ಆ ಮೂರು ಮನೆಯವರೇ. ಮೂರೂ ಮನೆಗಳ ಹಿರಿಯರು ಎಪ್ಪತ್ತು ದಾಟಿದ್ದಾರೆ.

ಕಮಿಟಿಯ ಹುಡುಗರು ಕೀಬೋರ್ಡ್, ಡ್ರಮ್, ಪರದೆ ಕೊಳ್ಳೋಣ, ಆಗ ಸಭೆ ಬೆಳೆಯುತ್ತದೆ ಎನ್ನುತ್ತಾರೆ. 1.8 ಲಕ್ಷ ರೂಪಾಯಿಯ ಬಾಬತ್ತು. ಹಿರಿಯರು ಹಾರ್ಮೋನಿಯಂ ಸಾಕು ಎನ್ನುತ್ತಾರೆ. ಸಭೆ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ನಿಮ್ಮ ಕಡೆ ಯಾವುದರಿಂದ ಅಳೆಯುತ್ತೀರಿ? ಪ್ರಾರ್ಥಿಸಿ ಎಂದಷ್ಟೇ ಬರೆದು ಹೋಗಬೇಡಿ, ಅದು ನಡೆಯುತ್ತಲೇ ಇದೆ.

ಹೆಂಚಿನ ಮನೆಯವನು, ಮಂಗಳೂರು:

ಟೀಚರ್, ನಮ್ಮ ಸಭೆಗಳು ಬೆಳೆದದ್ದಾದರೂ ಹೇಗೆ ಎಂದು ನೆನಪಿಸಿಕೊಳ್ಳಿ. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟರು, ಕಸುಬು ಹೋಯಿತು. ಅದಕ್ಕೇ ಮಿಷನ್ನಿನವರು ಮಗ್ಗ ಹಾಕಿಸಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನನ್ನ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರು. ಕಾರ್ಖಾನೆ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಸಭೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟರು, ಕಾರ್ಖಾನೆಗಳೂ ಮಿಷನ್ನಿನ ಕೈಬಿಟ್ಟುಹೋದವು. ಅನ್ನ ಇದ್ದಲ್ಲಿಗೆ ಜನ ಹೋದರು, ಈಗಲೂ ಹೋಗುತ್ತಿದ್ದಾರೆ. ಅದನ್ನು ವಿಶ್ವಾಸದ ಕೊರತೆ ಎಂದು ಬೈದರೆ ಏನು ಬಂತು? 2001ರ ಜನಗಣತಿಯಲ್ಲಿ ರಾಜ್ಯದಲ್ಲಿ ಕ್ರೈಸ್ತರು ಶೇಕಡಾ 1.91 ಇದ್ದರು, 2011ರಲ್ಲಿ 1.87. ನಿಮ್ಮೂರಿನ ಬೆಂಚುಗಳು ಖಾಲಿಯಾಗಿದ್ದಕ್ಕೆ ನಿಮ್ಮ ಹಾರ್ಮೋನಿಯಂ ಕಾರಣವಲ್ಲ.

ಊರು ಬಿಟ್ಟವನು, ಬೆಂಗಳೂರು:

ನಿಮ್ಮಂಥದೇ ಒಂದು ಸಭೆಯನ್ನು ಬಿಟ್ಟು ಬಂದವನು ನಾನು. ಇಲ್ಲಿ ಭಾನುವಾರ ಮೂರು ಆರಾಧನೆ, ವಾಹನ ನಿಲ್ಲಿಸಲು ಟೋಕನ್. ಸಂಗೀತ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಆರು ವರ್ಷವಾದರೂ ಪಕ್ಕದಲ್ಲಿ ಕೂರುವವರ ಹೆಸರು ಗೊತ್ತಿಲ್ಲ. ಅಪ್ಪ ಊರಿನಲ್ಲಿ ತೀರಿಕೊಂಡಾಗ ನಾನು ತಲುಪುವ ಮೊದಲೇ ಸಭೆಯವರು ಕುಣಿ ತೋಡಿಸಿದ್ದರು. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ರೊಟ್ಟಿ, ಪಲ್ಯ, ಅನ್ನ, ಸಾರು ಪಾಳಿಯ ಪ್ರಕಾರ ಬಂದವು. ನನ್ನ ದಶಮಾಂಶ, ಅಂದರೆ ಸಭೆಗೆ ಕೊಡುವ ಆದಾಯದ ಹತ್ತನೆಯ ಪಾಲು, ಮಾತ್ರ ಈಗಲೂ ಬೆಂಗಳೂರಿಗೇ ಸಲ್ಲುತ್ತದೆ. ಊರು ಬಿಟ್ಟವರ ಪಟ್ಟಿ ಮಾಡಿ ಕೇಳಿ ನೋಡಿ ಟೀಚರ್. ನನ್ನನ್ನು ಈವರೆಗೆ ಯಾರೂ ಕೇಳಿಲ್ಲ.

ನಿವೃತ್ತ ಸಭಾಪಾಲಕ:

ಸಹೋದರಿ, ಡ್ರಮ್ ಕೊಳ್ಳುವುದಾದರೆ ಕೊಳ್ಳಿ, ಪಾಪವೇನಲ್ಲ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. 61 ಹೆಸರುಗಳ ಮುಂದೆ ಎರಡು ಕಲಂ ಎಳೆಯಿರಿ: ಕೊನೆಯ ಸಲ ಅವರು ಯಾವಾಗ ಬಂದರು, ಕೊನೆಯ ಸಲ ನಮ್ಮವರು ಅವರ ಮನೆಗೆ ಯಾವಾಗ ಹೋದರು. ನಾನು ಸೇವೆಯಲ್ಲಿದ್ದಾಗ ಮೊದಲನೆಯದನ್ನೇ ಎಣಿಸಿ ವರದಿ ಕಳಿಸುತ್ತಿದ್ದೆ. ಎರಡನೆಯದನ್ನು ಮೇಲಿನವರು ಕೇಳುತ್ತಿರಲಿಲ್ಲ, ನಾನೂ ಬರೆಯುತ್ತಿರಲಿಲ್ಲ. ಇನ್ನೊಂದು: ಪೋಸ್ಟ್ ಮಾಸ್ತರರ ಜೊತೆಗೆ ಇನ್ನಿಬ್ಬರನ್ನು ಪ್ರಸಂಗಕ್ಕೆ ತಯಾರು ಮಾಡಿ, ಒಬ್ಬರಾದರೂ ಹೆಣ್ಣುಮಗಳಿರಲಿ. ನೋಹನೂ ಸ್ವಲ್ಪ ವಿಶ್ರಾಂತಿ ಪಡೆಯಲಿ.

ಖಜಾಂಚಿ ಟೀಚರ್:

ಅಯ್ಯನವರೇ, ನಿನ್ನೆ ರಾತ್ರಿ ಕುಳಿತು ಕಲಂ ಎಳೆದೆ. 61ರಲ್ಲಿ 17 ಮನೆಗಳಿಗೆ ಬೀಗ. ಮಕ್ಕಳು ಬೆಂಗಳೂರು, ಪುಣೆ, ಗೋವಾ ಸೇರಿದ್ದಾರೆ. ಅವರಿಗೆ ಫೋನ್ ಮಾಡಲು ಕಮಿಟಿಯ ಹುಡುಗರಿಗೇ ಹೇಳಿದ್ದೇನೆ, ಅವರದೇ ಓರಗೆಯವರು. ಊರಲ್ಲೇ ಇದ್ದು ಬಾರದ ಮನೆಗಳು 22. ಅವುಗಳಲ್ಲಿ ಹದಿಮೂರಕ್ಕೆ ನಮ್ಮವರು ಕೊನೆಗೆ ಹೋದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ.

ಒಂದು ಮನೆ ನಮ್ಮ ಓಣಿಯ ತುದಿಯಲ್ಲೇ ಇದೆ. 2019ರ ವಾರ್ಷಿಕ ಸಭೆಯಿಂದೀಚೆಗೆ ಆ ತಾಯಿ ಬಂದಿಲ್ಲ. ಆ ದಿನ ಚಂದಾ ಬಾಕಿದಾರರ ಪಟ್ಟಿಯನ್ನು ಮೈಕಿನಲ್ಲಿ ಓದಲಾಯಿತು, ಅವರ ಹೆಸರಿನ ಮುಂದೆ 340 ರೂಪಾಯಿ. ಓದಿದವಳು ನಾನೇ. ನಾಳೆ ಸಂಜೆ ಹೋಗುತ್ತಿದ್ದೇನೆ, ರಸೀದಿ ಪುಸ್ತಕವನ್ನು ಮನೆಯಲ್ಲೇ ಬಿಟ್ಟು.