ಹಳೆಯ ಚೀಟಿಗೆ ಮತ್ತೆ ಮಾತ್ರೆ ಕೊಡುವ ಅಧಿಕಾರ ಔಷಧಿ ಅಂಗಡಿಯವರಿಗೆ ಇದೆಯೇ?

ಪ್ರಶ್ನೆ: ಡೊಂಬಿವಲಿ ಪೂರ್ವದಿಂದ ಒಬ್ಬ ಸೊಸೆ

ಕುಂದಾಪುರದಿಂದ ಬಂದಿರುವ ನಮ್ಮ ಅತ್ತೆಯವರಿಗೆ ಬಹಳ ವರ್ಷಗಳಿಂದ ಅಪಸ್ಮಾರವಿದ್ದು, ಸೋಡಿಯಂ ವಾಲ್‌ಪ್ರೋಯೇಟ್ ಮಾತ್ರೆಯನ್ನು ಎರಡು ಹೊತ್ತೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಈ ಸಲ ಔಷಧಿಯ ಡಬ್ಬಿ ಬಸ್ಸಿನಲ್ಲೇ ಉಳಿದುಹೋಯಿತು. ಶನಿವಾರ ರಾತ್ರಿ ಒಂಬತ್ತೂವರೆಗೆ, ಅವರ ಪರ್ಸಿನಲ್ಲಿ ಮಡಚಿಟ್ಟಿದ್ದ ಎಂಟು ತಿಂಗಳ ಹಿಂದಿನ ಚೀಟಿಯನ್ನೂ, ಕತ್ತರಿಯಾಡಿಸಿ ಕೊಟ್ಟಿದ್ದ ಮಾತ್ರೆ ಪಟ್ಟಿಯ (ಸ್ಟ್ರಿಪ್) ಒಂದು ಖಾಲಿ ತುಂಡನ್ನೂ ಹಿಡಿದುಕೊಂಡು ಸ್ಟೇಷನ್ ಬಳಿಯ ಔಷಧಿ ಅಂಗಡಿಗೆ ಹೋದೆ. ಅಲ್ಲಿದ್ದವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಕೊಡಲು ಬರುವುದಿಲ್ಲ, ಹೊಸದಾಗಿ ಬರೆಸಿಕೊಂಡು ಬನ್ನಿ ಎಂದರು. ನಾಲ್ಕು ಹೆಜ್ಜೆ ಆಚೆಗಿದ್ದ ಇನ್ನೊಂದು ಅಂಗಡಿಯವರು ಚೀಟಿಯನ್ನು ಕೇಳಲೇ ಇಲ್ಲ. ಪಟ್ಟಿಯ ತುಂಡಿನ ಮೇಲಿದ್ದ ಹೆಸರನ್ನು ಓದಿ ಹದಿನೈದು ದಿನಕ್ಕಾಗುವಷ್ಟು ಮಾತ್ರೆ ಕೊಟ್ಟರು, ಬಿಲ್ಲು ಕೊಡಲಿಲ್ಲ.

ಮೊದಲನೆಯವರು ಮಾಡಿದ್ದು ಸರಿಯೇ? ಕರ್ನಾಟಕದ ವೈದ್ಯರು ಬರೆದ ಚೀಟಿ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲವೇ? ತುರ್ತು ಸಂದರ್ಭದಲ್ಲಿ ಎರಡು ದಿನದ ಮಟ್ಟಿಗಾದರೂ ಕೊಡುವ ಅಧಿಕಾರ ಫಾರ್ಮಸಿಸ್ಟರಿಗೆ ಇರಬೇಕಲ್ಲವೇ?

ಉತ್ತರ: ಮಾಟುಂಗದಿಂದ, ನಿವೃತ್ತ ಫಾರ್ಮಸಿಸ್ಟ್

ತಾವು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಔಷಧ ಮಾರಾಟವನ್ನು ಆಳುವುದು 1940ರ ಕೇಂದ್ರ ಕಾಯ್ದೆ ಮತ್ತು ಅದರಡಿಯ 1945ರ ನಿಯಮಗಳು. ಅಂಗಡಿಗೆ ಪರವಾನಗಿ ಕೊಡುವುದು, ತಪಾಸಣೆ ಮಾಡುವುದು ಮಾತ್ರ ರಾಜ್ಯದ ಕೆಲಸ. ನಮ್ಮಲ್ಲಿ ಅದು ಬಾಂದ್ರಾ-ಕುರ್ಲಾದಲ್ಲಿ ಕಚೇರಿಯಿರುವ ಅನ್ನ ಮತ್ತು ಔಷಧ ಪ್ರಶಾಸನದ್ದು. ಆದ್ದರಿಂದ ನೋಂದಾಯಿತ ವೈದ್ಯರು ಕುಂದಾಪುರದಲ್ಲಿ ಕುಳಿತು ಬರೆದ ಚೀಟಿ ಡೊಂಬಿವಲಿಯಲ್ಲಿಯೂ ಚೀಟಿಯೇ.

ಅಡ್ಡಿ ಇರುವುದು ಬೇರೆ ಕಡೆ. ತಮ್ಮ ಚೀಟಿಯಲ್ಲಿ ವೈದ್ಯರ ಸಹಿಯ ಮೇಲ್ಭಾಗವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಊರಿನ ಅಂಗಡಿಯ ಹೆಸರು ಮತ್ತು ತಾರೀಖಿರುವ ಮಸುಕಾದ ಮುದ್ರೆ ಇರಬಹುದು. 65ನೇ ನಿಯಮದ ಪ್ರಕಾರ, ಮತ್ತೆ ಕೊಡಬಹುದು ಎಂದು ವೈದ್ಯರೇ ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡತಕ್ಕದ್ದು. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಎಂದು ಬರೆದಿದ್ದರೆ ಅದರಂತೆಯೇ ಕೊಡತಕ್ಕದ್ದು. ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ತಾರೀಖುಗಳನ್ನು ಚೀಟಿಯ ಮೇಲೆಯೇ ನಮೂದಿಸತಕ್ಕದ್ದು. ಆ ಮುದ್ರೆ ಬಿದ್ದ ಮೇಲೆ ಚೀಟಿ ಕೈಯಲ್ಲಿದ್ದರೂ ಅದರ ಜೀವ ಮುಗಿದಂತೆ. ಮೊದಲನೆಯ ಅಂಗಡಿಯವರು ತಿರುಗಿಸಿ ನೋಡಿದ್ದು ಬಹುಶಃ ಅದನ್ನೇ.

ನಿಜ ಹೇಳಬೇಕೆಂದರೆ, ಮೂವತ್ತು ವರ್ಷ ಗಲ್ಲೆಯ ಹಿಂದೆ ನಿಂತ ನಾನು ಈ ನಿಯಮವನ್ನು ಪ್ರತಿ ಸಲವೂ ಪಾಲಿಸಿದೆನೆಂದು ಎದೆ ತಟ್ಟಿ ಹೇಳಲಾರೆ. ಪರಿಚಯದ ಹಿರಿಯರು ರಕ್ತದೊತ್ತಡದ ಮಾತ್ರೆ ಕೇಳಿದರೆ ಕೊಟ್ಟಿದ್ದೇನೆ. ಆದರೆ ಷೆಡ್ಯೂಲ್ ಎಚ್1 ಎಂಬ ಹೆಚ್ಚು ನಿಗಾದ ಪಟ್ಟಿಯ ಔಷಧಿಗಳಲ್ಲಿ ಆ ಸಲಿಗೆ ಇಟ್ಟುಕೊಂಡಿರಲಿಲ್ಲ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಆ ಪಟ್ಟಿಯಲ್ಲಿರುವ ಕ್ಷಯದ ಔಷಧಿ, ಕೆಲವು ಆಂಟಿಬಯಾಟಿಕ್, ಆಲ್ಪ್ರಜೋಲಾಮ್‌ನಂಥ ಮಾತ್ರೆಗಳಿಗೆ ವೈದ್ಯರ ಮತ್ತು ರೋಗಿಯ ವಿವರ ಹಾಗೂ ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಚಟ ಹಿಡಿಸಬಲ್ಲ ಕೆಲವು ಔಷಧಿಗಳಿರುವ ಷೆಡ್ಯೂಲ್ ಎಕ್ಸ್ ಪಟ್ಟಿ ಇನ್ನೂ ಬಿಗಿ: ಚೀಟಿಯ ಎರಡು ಪ್ರತಿ ಬೇಕು, ಒಂದು ಪ್ರತಿ ಅಂಗಡಿಯಲ್ಲಿ ಎರಡು ವರ್ಷ ಇರಬೇಕು.

ಎರಡನೆಯ ಅಂಗಡಿಯವರು ಉಪಕಾರ ಮಾಡಿದರೆಂದು ತಾವು ಭಾವಿಸಿರಬಹುದು. ಬಿಲ್ಲಿಲ್ಲದ ಮಾತ್ರೆಗೆ ಬ್ಯಾಚ್ ಸಂಖ್ಯೆಯ ದಾಖಲೆಯಿಲ್ಲ. ನಾಳೆ ಆ ಬ್ಯಾಚನ್ನು ಕಂಪನಿ ವಾಪಸು ಕರೆದರೆ ತಮಗೆ ತಿಳಿಸುವವರಾರು? ದಯವಿಟ್ಟು ಆ ಮಾತ್ರೆಯ ಪೂರ್ತಿ ಹೆಸರನ್ನು ಚೀಟಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಉತ್ತರ: ಪುಣೆ, ಕೋಥರೂಡಿನಿಂದ

ಹಿರಿಯರ ವಿವರಣೆ ಸರಿಯಾಗಿದೆ, ಆದರೆ ಮೂರನೆಯ ಪ್ರಶ್ನೆಯನ್ನು ಅವರು ಬಿಟ್ಟುಬಿಟ್ಟರು. ಇಂತಹ ಔಷಧಿಯನ್ನು ತುರ್ತಿನಲ್ಲಿ ಫಾರ್ಮಸಿಸ್ಟರು ಸ್ವಂತ ವಿವೇಚನೆಯಿಂದ ಕೊಡುವ ಅವಕಾಶ ನಮ್ಮ ನಿಯಮದಲ್ಲಿ ಇಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಲೋಪ. ಬ್ರಿಟನ್ನಿನಲ್ಲಿ 2012ರ ನಿಯಮಾವಳಿಯ ಪ್ರಕಾರ ಫಾರ್ಮಸಿಸ್ಟರು ರೋಗಿಯನ್ನು ವಿಚಾರಿಸಿ, ಆ ಔಷಧಿಯನ್ನು ಹಿಂದೆ ವೈದ್ಯರು ಬರೆದಿದ್ದರೆಂದೂ ಈಗ ಚೀಟಿ ಪಡೆಯುವಷ್ಟು ಸಮಯವಿಲ್ಲವೆಂದೂ ಮನವರಿಕೆಯಾದರೆ, ಸಾಮಾನ್ಯವಾಗಿ 30 ದಿನದವರೆಗಿನ ಔಷಧಿಯನ್ನು ದಾಖಲಿಸಿ ಕೊಡಬಹುದು. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟಾಲ್‌ನಂಥ ಕೆಲವು ಔಷಧಿಗಳಿಗೆ ಮಿತಿ ಐದು ದಿನ. ಅಮೆರಿಕದಲ್ಲಿ ಇದು ರಾಜ್ಯ ರಾಜ್ಯಕ್ಕೂ ಬೇರೆ. ಓಹಾಯೊ ರಾಜ್ಯದಲ್ಲಿ ಹೊಸ ವರ್ಷದ ರಜೆಯಲ್ಲಿ ಇನ್ಸುಲಿನ್ ಸಿಗದೆ ಒಬ್ಬರು ತೀರಿಕೊಂಡ ಮೇಲೆ 2015ರಲ್ಲಿ ಕಾನೂನನ್ನು ಸಡಿಲಿಸಿದರು.

ನಮ್ಮಲ್ಲಿಯೂ ಹಾಗೆಯೇ ಆಗಲಿ ಎನ್ನುವ ಮೊದಲು ಒಂದು ಮಾತು. ಆ ಅಧಿಕಾರವನ್ನು ಚಲಾಯಿಸಲು ಗಲ್ಲೆಯಲ್ಲಿ ಫಾರ್ಮಸಿಸ್ಟರು ಇರಬೇಕು, ಗೋಡೆಯ ಮೇಲೆ ಅವರ ಪ್ರಮಾಣಪತ್ರ ತೂಗಿದರೆ ಸಾಲದು. ಮಹೇಶ್ ಝಗಡೆಯವರು ಇಲ್ಲಿ ಔಷಧ ಆಯುಕ್ತರಾಗಿದ್ದಾಗ ಇದನ್ನೇ ಪಟ್ಟು ಹಿಡಿದು ಕೇಳಿದ್ದಕ್ಕೆ ಅಂಗಡಿಕಾರರು ಎಷ್ಟು ಪ್ರತಿಭಟಿಸಿದರೆಂಬುದು ಹಳಬರಿಗೆ ನೆನಪಿರಬಹುದು.

ಉತ್ತರ: ಮುಲುಂಡಿನಿಂದ, ವೈದ್ಯೆ

ಈ ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುವ ಅಪಾಯವಿದೆ, ಆದ್ದರಿಂದ ಚರ್ಚೆ ಮುಗಿಯುವವರೆಗೆ ಕಾಯಬೇಡಿ. ಅತ್ತೆಯವರ ವೈದ್ಯರಿಗೆ ಈಗಲೇ ವಿಡಿಯೋ ಕರೆ ಮಾಡಿಸಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ವೈದ್ಯರು ಖುದ್ದಾಗಿ ನೋಡಿ ಆರು ತಿಂಗಳು ದಾಟಿದ್ದರೆ ಅದು ಹೊಸ ಭೇಟಿಯೆಂದೇ ಲೆಕ್ಕ. ಅದಕ್ಕಾಗಿಯೇ ಬರಿಯ ಫೋನಿನ ಬದಲು ವಿಡಿಯೋ ಎಂದೆ. ಅವರು ಸಹಿ ಮಾಡಿದ ಚೀಟಿಯ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಬಹುದು. ಅವರು ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಬರೆಸಿಕೊಳ್ಳಿ. ತಿಂಗಳಿಗೊಮ್ಮೆಯಂತೆ ಇಷ್ಟು ಸಲ ಕೊಡಬಹುದು ಎಂಬ ಒಂದು ಸಾಲನ್ನು ಚೀಟಿಯಲ್ಲಿ ಕೇಳಿ ಹಾಕಿಸಿಕೊಳ್ಳಿ. ನಾವು ವೈದ್ಯರೇ ಅದನ್ನು ಬರೆಯಲು ಮರೆಯುತ್ತೇವೆ.

ಪ್ರಶ್ನೆ ಕೇಳಿದವರಿಂದ, ಭಾನುವಾರ ಸಂಜೆ

ಎಲ್ಲರಿಗೂ ಧನ್ಯವಾದಗಳು. ಸಹಿಯ ಮೇಲೆ ಮುದ್ರೆ ಇತ್ತು, ನಾನು ಅದನ್ನು ಶಾಯಿಯ ಕಲೆಯೆಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಅತ್ತೆಯವರ ವೈದ್ಯರು ವಿಡಿಯೋದಲ್ಲಿ ಸಿಕ್ಕರು. ರಾತ್ರಿ ತಂದಿದ್ದ ಪಟ್ಟಿಯನ್ನು ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿ, ಅತ್ತೆಯವರಿಗೆ ಬರೆದಿರುವುದು ನಿಧಾನವಾಗಿ ಕರಗುವ ಮಾತ್ರೆ, ಇದು ಸಾಮಾನ್ಯ ಮಾತ್ರೆ, ಇದನ್ನು ಪಕ್ಕಕ್ಕಿಡಿ ಎಂದರು. ನಿಧಾನವಾಗಿ ಕರಗುವ ಮಾತ್ರೆಯೆಂದು ಸೂಚಿಸುವ, ಹೆಸರಿನ ಮುಂದಿನ 'ಸಿಆರ್' ಎಂಬ ಎರಡು ಅಕ್ಷರಗಳು ನನ್ನ ಬಳಿಯಿದ್ದ ತುಂಡಿನಲ್ಲಿ ಕತ್ತರಿಗೆ ಸಿಕ್ಕಿ ಹೋಗಿದ್ದವು. ಹೊಸ ಚೀಟಿಯಲ್ಲಿ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಬಹುದೆಂದು ಬರೆದುಕೊಟ್ಟಿದ್ದಾರೆ, ಮೊದಲನೆಯ ಅಂಗಡಿಯವರೇ ಬಿಲ್ಲಿನೊಂದಿಗೆ ಮಾತ್ರೆ ಕೊಟ್ಟರು. ಎರಡನೆಯ ಅಂಗಡಿಯ ಮಾತ್ರೆಗಳನ್ನು ಹಿಂದಿರುಗಿಸಲು ಹೋದಾಗ, ನಮ್ಮಲ್ಲಿಯೇ ಕೊಂಡಿದ್ದೆಂಬುದಕ್ಕೆ ಬಿಲ್ಲು ಎಲ್ಲಿದೆ ಎಂದು ಅವರು ಕೇಳಿದರು.