ಪ್ರೊಫೈಲ್ ಅಪ್‌ಡೇಟ್ ಟೂಲ್: ಆದಾಯ ಬದಲಿಸಿದರೆ ಸಾಲದ ಬಾಕಿ ಮಾಯ! ಯಾರಾದರೂ ಸಹಾಯ ಮಾಡಿ

ಅರೇಬಿಕಾ_ಅಪ್ಪು (ಆಲ್ದೂರು):
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ನಮ್ಮ ಕಡೆಯ ಕಾಫಿ ಬೆಳೆಗಾರರು ಲೆಕ್ಕ ಇಡುವುದಕ್ಕೆ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿದ್ದೇನೆ. ಅದರಲ್ಲಿ ಹಣಕಾಸಿನ ಪ್ರೊಫೈಲ್ ಅಪ್‌ಡೇಟ್ ಮಾಡುವ ಟೂಲ್ ಇದೆ. ವರ್ಷದ ಆದಾಯ, ತಿಂಗಳ ಖರ್ಚು, ಸಾಲದ ಬಾಕಿ, ಉಳಿತಾಯದ ಗುರಿ, ಈ ನಾಲ್ಕೇ ಫೀಲ್ಡ್ (ತುಂಬುವ ಜಾಗ). ಡಾಕ್ಯುಮೆಂಟೇಷನ್ ಕೂಡ ನೀಟಾಗಿ ಬರೆದಿದ್ದೇನೆ: "ಬಳಕೆದಾರರ ಹಣಕಾಸಿನ ಪ್ರೊಫೈಲ್ ಅಪ್‌ಡೇಟ್ ಮಾಡುತ್ತದೆ. ಬೇಕಾದ ಫೀಲ್ಡ್ ಕೊಡಿ." ಅದನ್ನು ಓದಿಕೊಂಡೇ ಇನ್ನೊಬ್ಬ ಹುಡುಗ ಫಾರ್ಮ್ ಮಾಡಿದ್ದಾನೆ. ಮೂರು ದಿನದ ಹಿಂದೆ ನಮ್ಮ ಚಿಕ್ಕಪ್ಪ ಆದಾಯ ಮಾತ್ರ ಬದಲಿಸಿದರು. ಸಾಲದ ಬಾಕಿ ಅಳಿಸಿಹೋಯಿತು. ಚಿಕ್ಕಪ್ಪನಿಗಂತೂ ಖುಷಿ! ನನ್ನ ಕೋಡ್ ಎಲ್ಲಾ ಸರಿಯಾಗಿದೆ. ಡಾಕ್ಯುಮೆಂಟೇಷನ್ ಇನ್ನೂ ಉದ್ದ ಬರೆಯಬೇಕಾ?

ಹೇಮಾವತಿ_ದಂಡೆ (ಹಾಸನ):
ಎಲ್ಲಾ ಸರಿಯಾಗಿದ್ದರೆ ಇಲ್ಲಿಗೆ ಯಾಕೆ ಬಂದಿರಿ ಸರ್? ಫಾರ್ಮ್ ಯಾವುದರಲ್ಲಿದೆ, ಸರ್ವರ್ ಯಾವುದರಲ್ಲಿದೆ, ಫಾರ್ಮ್‌ನಿಂದ ಏನು ಹೋಗುತ್ತಿದೆ, ಅದನ್ನು ಹಾಕಿ.

ಬೇಲೂರು_ಬೈಟ್:
ನೋಡುವುದೇ ಬೇಡ, ಇದು ಕನ್ನಡ ಅಂಕಿಯ ಸಮಸ್ಯೆ. ನನಗೂ ಆಗಿತ್ತು. ೧೨೩ ಅಂತ ಟೈಪ್ ಮಾಡಿದರೆ ಜಾವಾಸ್ಕ್ರಿಪ್ಟ್‌ಗೆ (ಬ್ರೌಸರ್‌ನಲ್ಲಿ ಫಾರ್ಮ್ ನಡೆಸುವ ಭಾಷೆ) ಅದು ಸಂಖ್ಯೆ ಅಲ್ಲ, ನ್ಯಾನ್ ("ಸಂಖ್ಯೆಯಲ್ಲ" ಅನ್ನುವ ಗುರುತು) ಕೊಡುತ್ತದೆ. ನ್ಯಾನ್ ಅನ್ನು ಜೇಸನ್ (ಡೇಟಾ ಕಳಿಸುವ ರೂಪ) ಮಾಡಿದರೆ ನಲ್, ಅಂದರೆ "ಏನೂ ಇಲ್ಲ" ಆಗುತ್ತದೆ. ಮುಗೀತು ಕಥೆ.

ಅರೇಬಿಕಾ_ಅಪ್ಪು:
ಚಿಕ್ಕಪ್ಪ ಇಂಗ್ಲಿಷ್ ಅಂಕಿಯನ್ನೇ ಹಾಕಿದ್ದು ಅಣ್ಣಾ. ಸರ್ವರ್ ಪೈಥಾನ್ ಭಾಷೆಯಲ್ಲಿದೆ.

ಬೇಲೂರು_ಬೈಟ್:
ಕೀಬೋರ್ಡ್ ಯಾವುದು? ಕೆಲವು ಸಲ ಕಣ್ಣಿಗೆ ಕಾಣುವುದೇ ಬೇರೆ, ಒಳಗೆ ಹೋಗುವುದೇ ಬೇರೆ.

ಹೇಮಾವತಿ_ದಂಡೆ:
ಪೈಥಾನ್‌ನ ಇಂಟ್ (ಬರಹವನ್ನು ಪೂರ್ಣ ಸಂಖ್ಯೆ ಮಾಡುವ ಫಂಕ್ಷನ್) ಕನ್ನಡ ಅಂಕಿಯನ್ನೂ ತಗೊಳ್ಳುತ್ತದೆ. ೧೨೩ ಕೊಟ್ಟರೆ 123 ಅಂತಲೇ ಬರುತ್ತದೆ, ಮಾಡಿ ನೋಡಿ. ಅದು ಎಡವುವುದು ಅಲ್ಪವಿರಾಮಕ್ಕೆ. 1,50,000 ಅಂತ ಕೊಟ್ಟರೆ ಎರರ್.

ಬೇಲೂರು_ಬೈಟ್:
ನಾನು ಹೇಳಿದ್ದು ಜಾವಾಸ್ಕ್ರಿಪ್ಟ್. ನೀವು ಪೈಥಾನ್ ತಂದು ನನಗೆ ಪಾಠ ಹೇಳುತ್ತಿದ್ದೀರಿ. ಚಿಕ್ಕಪ್ಪನ ಫೋನ್ ತಂದು ನೋಡಿ ಅಪ್ಪು, ಕನ್ನಡ ಕೀಬೋರ್ಡ್ ಇದ್ದೇ ಇರುತ್ತದೆ.

ಸಕಲೇಶಪುರ_ಚೆರ್ರಿ:
ಅದಿರಲಿ, "ಆದಾಯ" ಅಂದರೆ ಯಾವ ಆದಾಯ ಮಾರಾಯ್ರೇ? ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಮಾರಿದ ಒಟ್ಟು ದುಡ್ಡಾ, ಕೂಲಿ, ಗೊಬ್ಬರ ಎಲ್ಲಾ ಕಳೆದು ಉಳಿದದ್ದಾ? ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿ ಮಾರುವವರಿಗೆ ಹಳೇ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಶೇ 25 ಭಾಗ ತೆರಿಗೆ ಬೀಳುವ ವ್ಯಾಪಾರದ ಆದಾಯ ಆಗಿತ್ತು. ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಇತ್ತು. ಒಂದೇ ಫೀಲ್ಡ್‌ನಲ್ಲಿ ಇದನ್ನೆಲ್ಲ ಹೇಗೆ ತುಂಬುತ್ತೀರಿ? ಕೊಯ್ಲು ನವೆಂಬರ್‌ಗೆ ಶುರು, ಮಾರಾಟ ಮಾರ್ಚ್ 31 ದಾಟಿ ಹೋಗುತ್ತದೆ. ಯಾವ "ವರ್ಷ"?

ಅರೇಬಿಕಾ_ಅಪ್ಪು:
ಅದು ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಎಲ್ಲಾ ಕಳೆದು ಕೈಗೆ ಉಳಿದದ್ದು. ಏಪ್ರಿಲ್‌ನಿಂದ ಮಾರ್ಚ್.

ಸಕಲೇಶಪುರ_ಚೆರ್ರಿ:
ನನಗೆ ಗೊತ್ತಿರಲಿಲ್ಲ. ನಾನಾಗಿದ್ದರೆ ಒಟ್ಟು ದುಡ್ಡನ್ನೇ ಹಾಕುತ್ತಿದ್ದೆ.

ಹೇಮಾವತಿ_ದಂಡೆ:
ಅಪ್ಪು ಸರ್, ಎರಡನೇ ಸಲ ಕೇಳುತ್ತಿದ್ದೇನೆ, ಫಾರ್ಮ್‌ನಿಂದ ಏನು ಹೋಗುತ್ತಿದೆ?

ಅರೇಬಿಕಾ_ಅಪ್ಪು:
ಈಗ ತೆಗೆದು ನೋಡಿದೆ. ಆದಾಯ: 1, ಖರ್ಚು: ನಲ್, ಸಾಲ: ನಲ್, ಗುರಿ: ನಲ್. ಆದಾಯ 1 ಆಗುವುದು ಮೊದಲಿಂದಲೂ ಇದೆ. ಅದು ಬೇರೆ ಸಮಸ್ಯೆ ಅಂತ ಹೇಳಲಿಲ್ಲ. ಸರ್ವರ್‌ನಲ್ಲಿ ಮರ್ಜ್ ಪ್ಯಾಚ್ (ಬಂದ ಬದಲಾವಣೆಯನ್ನು ಹಳೇ ಡೇಟಾಕ್ಕೆ ಸೇರಿಸುವ ವಿಧಾನ) ಹಾಕಿದ್ದೇನೆ, ಅದನ್ನೂ ಹೇಳಿರಲಿಲ್ಲ ಅನಿಸುತ್ತದೆ.

ಹೇಮಾವತಿ_ದಂಡೆ:
ಅನಿಸುವುದೇನು, ಹೇಳಿಯೇ ಇಲ್ಲ! ಇಡೀ ಸಮಸ್ಯೆ ಅಲ್ಲೇ ಇದೆ. ಜೇಸನ್ ಮರ್ಜ್ ಪ್ಯಾಚ್, 2014ರ ಆರ್‌ಎಫ್‌ಸಿ 7396 (ಇಂಟರ್ನೆಟ್ ಮಾನದಂಡದ ದಾಖಲೆ). ಅದರಲ್ಲಿ ನಲ್ ಅಂದರೆ "ಈ ಫೀಲ್ಡ್ ಕಿತ್ತು ಹಾಕು". ಫೀಲ್ಡ್ ಕಳಿಸದೇ ಇದ್ದರೆ ಮಾತ್ರ "ಇದ್ದ ಹಾಗೇ ಇರಲಿ". ಆ ಹುಡುಗ ಪಾರ್ಸ್‌ಫ್ಲೋಟ್ (ಬರಹವನ್ನು ಸಂಖ್ಯೆ ಮಾಡುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಬಳಸಿರಬೇಕು. ಅದು 1,50,000 ಓದುವಾಗ ಮೊದಲ ಅಲ್ಪವಿರಾಮಕ್ಕೇ ನಿಂತು 1 ಕೊಡುತ್ತದೆ. ಖಾಲಿ ಬಾಕ್ಸ್‌ಗೆ ನ್ಯಾನ್. ಅದು ಜೇಸನ್‌ನಲ್ಲಿ ನಲ್. ನಿಮ್ಮ ಸರ್ವರ್ ಅದನ್ನು ನೋಡಿ ಸಾಲ ಮನ್ನಾ ಮಾಡಿದೆ.

ಬೇಲೂರು_ಬೈಟ್:
ನ್ಯಾನ್, ನಲ್ ಅಂತ ಮೊದಲು ಹೇಳಿದ್ದು ಯಾರು? ಮೇಲೆ ಹೋಗಿ ಓದಿ.

ಹೇಮಾವತಿ_ದಂಡೆ:
ಕನ್ನಡ ಅಂಕಿ ಅಂತ ಹೇಳಿದ್ದೂ ನೀವೇ.

ಅಪ್ಪು ಸರ್, ಉದ್ದ ಬರೆಯಬೇಡಿ. ಹೀಗೆ ಬರೆಯಿರಿ: "ಕಳಿಸದ ಫೀಲ್ಡ್ ಬದಲಾಗುವುದಿಲ್ಲ. ನಲ್ ಕಳಿಸಿದರೆ ಹಳೆಯ ಮೌಲ್ಯ ಅಳಿಸಿಹೋಗುತ್ತದೆ. ಬಾಕಿ ತೀರಿದ್ದರೆ 0 ಕಳಿಸಿ. ಮೊತ್ತ ಪೂರ್ತಿ ರೂಪಾಯಿಯಲ್ಲಿ, ಅಲ್ಪವಿರಾಮ ಇಲ್ಲದೆ. ಆದಾಯ ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಖರ್ಚು ಕಳೆದು ಉಳಿದದ್ದು." ಕೆಳಗೆ ಎರಡು ಉದಾಹರಣೆ ಇರಲಿ: ಅಪ್‌ಡೇಟ್‌ಗೆ ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಅಂತ. ಹಳೇ ಮೌಲ್ಯವನ್ನು ತಾರೀಖಿನ ಜೊತೆ ಎತ್ತಿಡಿ, ದುಡ್ಡಿನ ವಿಷಯ. ಖಾಲಿ ಬಾಕ್ಸ್ ಇದ್ದರೆ ಆ ಫೀಲ್ಡನ್ನು ಕಳಿಸಲೇ ಬೇಡ ಅಂತ ಆ ಹುಡುಗನಿಗೂ ಹೇಳಿ. ತಪ್ಪು ಅವನದಲ್ಲ, "ಬೇಕಾದ ಫೀಲ್ಡ್ ಕೊಡಿ" ಅಂದರೆ ಯಾರೂ ಅಷ್ಟೇ ಮಾಡುವುದು.

ಮಲ್ನಾಡ್_ಮೋಡೆಮ್ (ಮೂಡಿಗೆರೆ):
ಡಾಕ್ಯುಮೆಂಟೇಷನ್ ಇಂಗ್ಲಿಷ್‌ನಲ್ಲಿ ಇದ್ದರೆ ಒಳ್ಳೆಯದು, ನಾಳೆ ಯಾರು ಬೇಕಾದರೂ ನೋಡಬಹುದು.

ಸಕಲೇಶಪುರ_ಚೆರ್ರಿ:
ಕನ್ನಡದಲ್ಲೇ ಇರಲಿ. ಬಳಸುವವರು ನಾವು. ನಾಳೆ ಬರುವವರು ಕಲಿತುಕೊಂಡು ಬರಲಿ.

ಮಲ್ನಾಡ್_ಮೋಡೆಮ್:
ಸರಿ ಬಿಡಿ. ಅಪ್ಪು, ಸರ್ವರ್ ಎಲ್ಲಿಟ್ಟಿದ್ದೀರಿ? ನಾನು ತೋಟದ ಮನೆಯಲ್ಲೇ ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟು ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಮೇಲೆ ಎರಡು ಸೋಲಾರ್ ಪ್ಯಾನಲ್. ಜುಲೈ ಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ, ಪೈ ಮಾತ್ರ ಒಮ್ಮೆಯೂ ಆಫ್ ಆಗಲಿಲ್ಲ.

ಬೇಲೂರು_ಬೈಟ್:
ಆ ಮಳೆಯಲ್ಲಿ ಸೋಲಾರ್ ಏನು ಮಾಡುತ್ತದೆ, ಸುಮ್ನೆ ಹೇಳಬೇಡಿ. ನಂದು ಹಳೇ ಲ್ಯಾಪ್‌ಟಾಪ್, ಅದರ ಬ್ಯಾಟರಿಯೇ ಯುಪಿಎಸ್. ಆರು ವರ್ಷದಿಂದ ನಡೆಯುತ್ತಿದೆ.

ಅರೇಬಿಕಾ_ಅಪ್ಪು:
ಆ ಸಾಲುಗಳನ್ನು ಹಾಗೇ ಹಾಕಿದೆ, ಥ್ಯಾಂಕ್ಸ್ ಹೇಮಾವತಿ ಅವರೇ. ಹುಡುಗ ಓದಿ ಅರ್ಧ ಗಂಟೆಯಲ್ಲಿ ಸರಿ ಮಾಡಿದ. ಹಳೇ ಬ್ಯಾಕಪ್‌ನಿಂದ ಚಿಕ್ಕಪ್ಪನ ಸಾಲವನ್ನೂ ವಾಪಸ್ ತಂದೆ. ಬೆಳಗ್ಗೆಯಿಂದ ಅವರು ನನ್ನ ಹತ್ತಿರ ಮಾತಾಡಿಲ್ಲ. ಅಲ್ಪವಿರಾಮದ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಎಲ್ಲರೂ 1 ರೂಪಾಯಿ ಆದಾಯದವರೇ.

ಸಕಲೇಶಪುರ_ಚೆರ್ರಿ:
ಮೋಡೆಮ್ ಅವರೇ, ಆ 150 ಎಎಚ್ ಬ್ಯಾಟರಿಗೆ ಎಷ್ಟು ಬಿತ್ತು? ನೀರು ಹಾಕುವುದಾ, ಹಾಕದೇ ಇರುವುದಾ?