ಬೇಸಿಗೆ ರಜೆಯಲ್ಲಿ ನಾಯಿಮರಿ ತರುವುದೋ, ಇನ್ನೂ ಕಾಯುವುದೋ?

ಪ್ರಶ್ನೆ: ಬಾಡಿಗೆ ಮನೆಯಾಕೆ, ಬೆಂಗಳೂರು

ನಾಯಿ ಸಾಕಿ ಬಲ್ಲ ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ, ಮೂರನೆಯ ಮಹಡಿಯಲ್ಲಿರುವ ಎರಡು ಕೋಣೆಗಳ ಬಾಡಿಗೆ ಮನೆ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ಸೇರುವಾಗ ಸಂಜೆ ನಾಲ್ಕೂವರೆ ದಾಟಿರುತ್ತದೆ. ಪತಿ ವಾರದಲ್ಲಿ ಮೂರು ದಿನ ಕಚೇರಿಗೆ ಹೋಗುತ್ತಾರೆ, ಎರಡು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಗಳಿಗೆ ಏಳು ವರ್ಷ. ಅತ್ತೆಯವರು ವರ್ಷದ ಅರ್ಧ ಭಾಗ ನಮ್ಮೊಂದಿಗೂ ಉಳಿದರ್ಧ ಊರಿನಲ್ಲೂ ಇರುತ್ತಾರೆ.

ಪರಿಚಿತರ ಮನೆಯ ಲ್ಯಾಬ್ರಡಾರ್ ನಾಯಿ ಫೆಬ್ರವರಿ ನಡುವೆ ಮರಿ ಹಾಕಿದ್ದು, ಏಪ್ರಿಲ್‌ನಲ್ಲಿ ಒಂದನ್ನು ನಮಗೆ ಕೊಡುವುದಾಗಿ ಹೇಳಿದ್ದಾರೆ. ಆಗ ಮಗಳ ಶಾಲೆಗೂ ನನ್ನ ಕಾಲೇಜಿಗೂ ರಜೆ ಇರುವುದರಿಂದ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು ಎಂಬುದು ಪತಿಯ ವಾದ. ಸ್ವಂತ ಮನೆಯಾಗುವವರೆಗೆ ಕಾಯುವುದು ಮೇಲು ಎಂದು ನನ್ನ ಮನಸ್ಸು ಹೇಳುತ್ತದೆ. ಮಾಲೀಕರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಸರಿಯಾದ ಸಮಯ ಬಂದಿದೆಯೆಂದು ತಿಳಿಯಲು ಏನನ್ನು ನೋಡಬೇಕು? ಪ್ರೀತಿಯೊಂದಿದ್ದರೆ ಸಾಕು ಎಂಬ ಉತ್ತರ ಈಗಾಗಲೇ ಬೇಕಾದಷ್ಟು ಸಿಕ್ಕಿದೆ. ಅದನ್ನು ಬಿಟ್ಟು ಹೇಳಬೇಕಾಗಿ ವಿನಂತಿ.

ಉತ್ತರ: ಪಶುವೈದ್ಯ, ಧಾರವಾಡ

ಮರಿಯ ವಯಸ್ಸಿನ ದೃಷ್ಟಿಯಿಂದ ಏಪ್ರಿಲ್ ನಡುವಿನ ದಿನಗಳಿಗೆ ಯಾವ ಆಕ್ಷೇಪವೂ ಇಲ್ಲ. ನಾಯಿಗಳ ಸಾಕಣೆ ಮತ್ತು ಮಾರಾಟದ ಕುರಿತು ಕೇಂದ್ರ ಸರಕಾರ 2017ರಲ್ಲಿ ಹೊರಡಿಸಿದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ಹೇಳುತ್ತವೆ. ನಿಮ್ಮದು ಮಾರಾಟವಲ್ಲದಿರಬಹುದು, ಆದರೆ ಆ ಎಂಟು ವಾರಗಳ ಹಿಂದಿರುವ ಕಾರಣ ಇಲ್ಲಿಗೂ ಅನ್ವಯಿಸುತ್ತದೆ. ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ನಡುವೆಯೇ.

ತೊಂದರೆ ಇರುವುದು ಜೂನ್‌ನಲ್ಲಿ. ರಜೆಯ ಆರೇಳು ವಾರ ಮರಿಯ ಸುತ್ತ ಮೂರು ಜನ ಇರುತ್ತೀರಿ. ಅದು ಎದ್ದಾಗ ಒಬ್ಬರು, ಕುಂಯ್ ಎಂದಾಗ ಇನ್ನೊಬ್ಬರು. ಮನೆಯೆಂದರೆ ಹೀಗೆಯೇ ಇರುತ್ತದೆ ಎಂದು ಅದು ತಿಳಿದುಕೊಂಡ ಮೇಲೆ, ಒಂದು ಸೋಮವಾರ ಬೆಳಗ್ಗೆ ಶಾಲೆಯ ವ್ಯಾನು ಬಂದು, ಬಾಗಿಲಿಗೆ ಬೀಗ ಬಿದ್ದು, ಸಂಜೆಯವರೆಗೆ ಯಾರೂ ಇಲ್ಲವೆಂದಾದರೆ ಅದಕ್ಕೆ ಏನಾಗಬೇಕು? ಮೂರೂವರೆ ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಮೂರು ನಾಲ್ಕು ಗಂಟೆ ಮೂತ್ರ ತಡೆದೀತು. ಹಲ್ಲು ಬದಲಾಗುವುದು ಶುರುವಾಗುವುದೂ ಆಗಲೇ. ಚಪ್ಪಲಿ, ಕುರ್ಚಿಯ ಕಾಲು, ಚಾರ್ಜರಿನ ತಂತಿ ಎಲ್ಲವೂ ಬಾಯಿಗೆ ಬರುತ್ತವೆ. ಶಾಲೆ ತೆರೆದು ತಿಂಗಳಾಗುವಷ್ಟರಲ್ಲಿ "ನಾಯಿ ಇಡೀ ದಿನ ಬೊಗಳುತ್ತದೆ, ಪಕ್ಕದ ಮನೆಯವರು ದೂರು ಕೊಟ್ಟಿದ್ದಾರೆ" ಎಂದು ಹೇಳಿಕೊಂಡು ಬರುವ ಕುಟುಂಬಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರು ಮರಿ ತಂದದ್ದು ರಜೆಯಲ್ಲಿಯೇ.

ಇನ್ನೊಂದು ಲೆಕ್ಕವೂ ಇದೆ. ಪಾರ್ವೊ, ಡಿಸ್ಟೆಂಪರ್ ಮೊದಲಾದ ಮಾರಕ ಸೋಂಕುಗಳ ಲಸಿಕೆಯನ್ನು ಆರರಿಂದ ಎಂಟನೆಯ ವಾರದೊಳಗೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಕೊಡಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ನಿಮ್ಮ ಮರಿಯ ಮಟ್ಟಿಗೆ ಈ ಸುತ್ತು ಮುಗಿಯುವಾಗ ಜೂನ್ ಮಧ್ಯವಾಗುತ್ತದೆ, ಅಲ್ಲಿಯವರೆಗೆ ಅದನ್ನು ಬೀದಿಯ ನೆಲಕ್ಕೆ ಇಳಿಸುವಂತಿಲ್ಲ. ಆದರೆ ಮರಿಯು ಲೋಕವನ್ನು ನಂಬಲು ಕಲಿಯುವ ಅವಧಿ ಹೆಚ್ಚುಕಡಿಮೆ ಹದಿನಾಲ್ಕನೆಯ ವಾರಕ್ಕೆ ಮುಗಿದೇ ಹೋಗುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ದಿನವೂ ಯಾರಾದರೂ ಅದನ್ನು ಎತ್ತಿಕೊಂಡು ಆಟೋ, ಹಾಲಿನವರು, ಹೆಲ್ಮೆಟ್ ಧರಿಸಿದವರು, ಮಕ್ಕಳ ಕಿರುಚಾಟ ಇವನ್ನೆಲ್ಲ ತೋರಿಸಿ ಬರಬೇಕು. ಇದಕ್ಕೆ ರಜೆ ಒಳ್ಳೆಯದೇ.

ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ನೋಡಿ. ಏಪ್ರಿಲ್‌ನಲ್ಲಿ ಯಾರು ಬಿಡುವಾಗಿದ್ದಾರೆ ಎಂಬುದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹನ್ನೊಂದಕ್ಕೂ ಎರಡಕ್ಕೂ ಬಾಗಿಲು ತೆರೆಯುವವರು ಯಾರು? ಆ ಹೆಸರನ್ನು ಹೇಳಲು ಸಾಧ್ಯವಾದರೆ ಮರಿ ತನ್ನಿ, ಮತ್ತು ಮೊದಲ ವಾರದಿಂದಲೇ, ಎಲ್ಲರೂ ಮನೆಯಲ್ಲಿರುವಾಗಲೂ, ಹತ್ತು ನಿಮಿಷ, ಅರ್ಧ ಗಂಟೆ ಅದನ್ನು ಒಂಟಿಯಾಗಿ ಇನ್ನೊಂದು ಕೋಣೆಯಲ್ಲಿ ಬಿಡುವ ಅಭ್ಯಾಸ ಮಾಡಿಸಿ. ಹೊರಡುವಾಗ ಬೀಗದ ಕೈ ಸದ್ದು ಮಾಡಿ ಹೊರಡಿ, ಬಂದಾಗ ಸಂಭ್ರಮ ಮಾಡಬೇಡಿ.

ಉತ್ತರ: ನಿವಾಸಿಗಳ ಸಂಘದ ಮಾಜಿ ಕಾರ್ಯದರ್ಶಿ, ಬೆಂಗಳೂರು

ಮಾಲೀಕರ ಬಾಯಿಮಾತನ್ನು ನಂಬಿ ಮುಂದುವರಿಯಬೇಡಿ. ನಿವಾಸಿಗಳ ಸಂಘವು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ತಳಿ ಅಥವಾ ಗಾತ್ರದ ನೆಪವೊಡ್ಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಗಳು ಹೇಳುತ್ತವೆ. ಇದನ್ನು ಓದಿದ ಬಾಡಿಗೆದಾರರು ತಮಗೆ ಪೂರ್ಣ ರಕ್ಷಣೆ ಸಿಕ್ಕಿತೆಂದು ಭಾವಿಸುತ್ತಾರೆ, ಆದರೆ ಸಂಘ ಬೇರೆ, ಮನೆಯ ಮಾಲೀಕ ಬೇರೆ. ನಮ್ಮಲ್ಲಿ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ನವೀಕರಿಸಲು ಮನಸ್ಸಿಲ್ಲವೆಂದು ಮಾಲೀಕರು ಹೇಳಲು ಕಾರಣವನ್ನೇ ಕೊಡಬೇಕಾಗಿಲ್ಲ. ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನವೀಕರಣ ಜುಲೈ ಆಗಸ್ಟ್‌ನಲ್ಲಿ ಬರುವುದಿದ್ದರೆ ಅದು ಮುಗಿಯುವವರೆಗೆ ಮರಿ ತರದಿರುವುದು ಲೇಸು. ನಾಯಿಯೊಂದಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದು ಎಂಥ ಕೆಲಸವೆಂದು ದಲ್ಲಾಳಿಗಳನ್ನು ಕೇಳಿದರೆ ಸಾಕು.

ಉತ್ತರ: ತೋಟದ ಮನೆಯವನು, ತೀರ್ಥಹಳ್ಳಿ ಕಡೆ

ನಮ್ಮ ಕಡೆ ನಾಯಿ ತರಲು ಯಾರೂ ಸಮಯ ನೋಡುವುದಿಲ್ಲ. ಮನೆಯ ನಾಯಿಯನ್ನು ಚಿರತೆ ಒಯ್ದರೆ ಮುಂದಿನ ವಾರ ಪಕ್ಕದ ಊರಿನಿಂದ ಇನ್ನೊಂದು ಮರಿ ಬರುತ್ತದೆ, ಅದು ಅಡಿಕೆ ಅಂಗಳದಲ್ಲಿ ಬೆಳೆಯುತ್ತದೆ. ಹೀಗೆ ಹೇಳುತ್ತಿರುವುದು ಹೆಮ್ಮೆಯಿಂದಲ್ಲ. ಮರಿಯನ್ನು ರಾತ್ರಿ ಒಳಗೆ ಕಟ್ಟುವಷ್ಟು ಕಾಳಜಿ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಬಂದಿಲ್ಲ. ಆದರೆ ಒಂದು ಮಾತು ನಿಜ: ಇಲ್ಲಿ ಹಗಲು ಹತ್ತು ಗಂಟೆಗೆ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಮತ್ತು ನಾಯಿಗೆ ಮಂಗ ಓಡಿಸುವ, ಬಂದವರನ್ನು ಕೂಗಿ ತಿಳಿಸುವ ಕೆಲಸವಿರುತ್ತದೆ. ನಿಮ್ಮ ಮನೆಯಲ್ಲಿ ಈ ಎರಡೂ ಇಲ್ಲ.

ಡಾಕ್ಟರರು ಕೇಳಿದ ಹೆಸರು ನನಗೆ ನಿಮ್ಮ ಪ್ರಶ್ನೆಯಲ್ಲಿಯೇ ಕಾಣಿಸಿತು. ಪತಿ ಮೂರು ದಿನ ಹೊರಗೆ, ನೀವು ಹೊರಗೆ, ಮಗು ಶಾಲೆಗೆ. ಉಳಿದವರು ನಿಮ್ಮ ಅತ್ತೆಯವರು. ಅವರನ್ನು "ಅರ್ಧ ವರ್ಷ ನಮ್ಮೊಂದಿಗಿರುತ್ತಾರೆ" ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅವರು ಬೆಂಗಳೂರಿನಲ್ಲಿರುವ ತಿಂಗಳುಗಳಲ್ಲಿ ಆ ನಾಯಿ ನಿಜವಾಗಿ ಅವರದೇ ಆಗುತ್ತದೆ. ಅವರು ಊರಿಗೆ ಹೋದಾಗ ಯಾರದು? ಅವರ ಒಪ್ಪಿಗೆಯನ್ನು ಮಗಳ ಮುಂದೆ ಕೇಳಬೇಡಿ, ಮೊಮ್ಮಗಳ ಮುಖ ನೋಡಿ ಅವರು ಹೂಂ ಎಂದುಬಿಡುತ್ತಾರೆ.

ಗೌರಿ ಹಬ್ಬಕ್ಕೋ ಮದುವೆಗೋ ಎಲ್ಲರೂ ಊರಿಗೆ ಹೊರಡುವಾಗ ಏನು ಮಾಡುತ್ತೀರಿ ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ರೈಲಿನಲ್ಲಿ ನಾಯಿ ನಿಮ್ಮೊಂದಿಗೆ ಬರಬೇಕಾದರೆ ಮೊದಲ ದರ್ಜೆಯಲ್ಲಿ ಇಡೀ ಕೂಪೆಯನ್ನೇ, ಅಂದರೆ ಇಬ್ಬರ ಪ್ರತ್ಯೇಕ ಕೋಣೆಯನ್ನೇ, ಕಾಯ್ದಿರಿಸಬೇಕು. ಇಲ್ಲವಾದರೆ ಲಗೇಜು ಬೋಗಿಯ ಪೆಟ್ಟಿಗೆಯಲ್ಲಿ ಅದೊಂದೇ ಹೋಗಬೇಕು. ಸ್ವಂತ ಕಾರಿಲ್ಲದವರಿಗೆ ಇದು ಸಣ್ಣ ವಿಷಯವಲ್ಲ.

ಉತ್ತರ: ಬಾಗಲಕೋಟೆಯ ಓದುಗ

ಇಲ್ಲಿ ತಳಿಯ ಪ್ರಶ್ನೆ ಎದ್ದಿಲ್ಲವಾದರೂ ಯಾರಾದರೂ ಮುಧೋಳ ನಾಯಿಯನ್ನು ಸೂಚಿಸುವ ಮೊದಲು ಹೇಳಿಬಿಡುತ್ತೇನೆ. 2005ರಲ್ಲಿ ಅಂಚೆ ಚೀಟಿಯಲ್ಲಿ ಬಂದ, ಸೇನೆಯವರೆಗೆ ಹೋದ ನಮ್ಮ ನಾಯಿಯ ಬಗ್ಗೆ ಅಭಿಮಾನ ನನಗೂ ಇದೆ. ಆದರೆ ಅದು ಬಯಲಿನಲ್ಲಿ ಬೇಟೆಯ ಬೆನ್ನು ಹತ್ತಿ ಓಡಲೆಂದು ಬೆಳೆದುಬಂದ ಪ್ರಾಣಿ. ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಅದು ಓಡುವುದನ್ನು ಕಣ್ಣಾರೆ ನೋಡಿದವರು ಮೂರನೆಯ ಮಹಡಿಯ ಎರಡು ಕೋಣೆಗಳ ಮಾತನ್ನು ಎತ್ತುವುದಿಲ್ಲ. ಮೇಡಂ ಅವರೇ, ನಿಮ್ಮ ಈಗಿನ ಬದುಕಿಗೆ ಅದಕ್ಕೆ ಸರಿಯಾದ ಸಮಯವೆಂಬುದು ಇಲ್ಲ.

ಉತ್ತರ: ಮೈಸೂರಿನ ನಿವೃತ್ತ ಶಿಕ್ಷಕಿ

ಸ್ವಂತ ಮನೆಯಾಗಲಿ ಎಂದು ಕಾಯುವುದನ್ನು ನಾನು ಒಪ್ಪುವುದಿಲ್ಲ. ಸ್ವಂತ ಮನೆಯಾದ ಮೇಲೆ ಕಂತು ತೀರಲಿ ಎನಿಸುತ್ತದೆ, ಆಮೇಲೆ ಮಗಳ ಹತ್ತನೆಯ ತರಗತಿ ಮುಗಿಯಲಿ ಎನಿಸುತ್ತದೆ. ಮನೆಯ ವಿಸ್ತಾರಕ್ಕಿಂತ ದಿನಕ್ಕೆ ಎರಡು ಸಲ ನಾಯಿಯೊಂದಿಗೆ ಕೆಳಗಿಳಿಯುವ ಮನುಷ್ಯ ಮುಖ್ಯ. ದೊಡ್ಡ ಕಾಂಪೌಂಡಿನಲ್ಲಿ ಕಟ್ಟಿ ಹಾಕಿದಲ್ಲೇ ಮುದಿಯಾದ ನಾಯಿಗಳನ್ನು ನಮ್ಮ ಬೀದಿಯಲ್ಲೇ ತೋರಿಸಬಲ್ಲೆ.

ಆದರೆ ಮರಿಯೇ ಏಕೆ ಬೇಕು ಎಂದು ಕೇಳುತ್ತೇನೆ. ಎರಡು ಮೂರು ವರ್ಷದ, ಲಸಿಕೆಯೂ ಸಂತಾನಹರಣ ಚಿಕಿತ್ಸೆಯೂ ಆದ ನಾಯಿ ನಾಲ್ಕೈದು ಗಂಟೆ ಒಂಟಿಯಾಗಿರಬಲ್ಲದು. ಅದರ ಗಾತ್ರ ಎಷ್ಟು, ಮಕ್ಕಳನ್ನು ಕಂಡರೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮೊದಲೇ ತಿಳಿದಿರುತ್ತದೆ. ಬೆಂಗಳೂರಿನಲ್ಲಿ 1991ರಿಂದ ನಡೆಯುತ್ತಿರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳು ಇಂಥ ನಾಯಿಗಳನ್ನು ದತ್ತು ಕೊಡುತ್ತವೆ. ದತ್ತು ಪಡೆಯುವ ಮೊದಲು ಕೆಲವು ವಾರ ತಾತ್ಕಾಲಿಕವಾಗಿ ಸಾಕುವ ಅವಕಾಶವಿದೆಯೇ ಎಂದೂ ವಿಚಾರಿಸಬಹುದು. ರಜೆಯ ಉಪಯೋಗ ಅದಕ್ಕೆ ಮಾಡಿಕೊಳ್ಳಿ. ಬೆಳಗ್ಗೆ ಆರಕ್ಕೆ ಏಳುವ ಉತ್ಸಾಹ ಮಗಳಿಗೆ ಎಷ್ಟು ದಿನ ಇರುತ್ತದೆ, ಪತಿಯವರಿಗೆ ಎಷ್ಟು ದಿನ ಇರುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಮಗುವಿಗೆ ಏಳು ವರ್ಷವೆಂದರೆ ತಟ್ಟೆಗೆ ನೀರು ತುಂಬಿಸಬಲ್ಲದು, ಬ್ರಷ್ ಮಾಡಬಲ್ಲದು. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರನ್ನು ಹಗ್ಗ ಹಿಡಿದು ನಡೆಸಲಾರದು. ಅದು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ನಾಯಿ ಮುದಿಯಾಗಿ, ಸೊಂಟದ ಕೀಲು ಸೋತು, ಮೆಟ್ಟಿಲು ಹತ್ತಲಾರದ ಸ್ಥಿತಿಗೆ ಬಂದಾಗ ನಿಮ್ಮ ಮಗಳು ಪಿಯುಸಿ ಮುಗಿಸಿ ಬೇರೆ ಊರಿಗೆ ಹೊರಟಿರುತ್ತಾಳೆ. ಅದನ್ನು ಎತ್ತಿ ಇಳಿಸುವವರು ನೀವಿಬ್ಬರೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ತೀರ್ಥಹಳ್ಳಿ ಕಡೆಯವರು ಹೇಳಿದಂತೆ ಮಗಳು ಮಲಗಿದ ಮೇಲೆ ಅತ್ತೆಯವರೊಂದಿಗೆ ಮಾತನಾಡಿದೆ. "ನಾಯಿ ಬೇಡವೆನ್ನುವುದಿಲ್ಲ, ಅದಕ್ಕೆ ಅನ್ನ ಕಲಸಿ ಹಾಕುತ್ತೇನೆ, ಮಾತನಾಡಿಸುತ್ತೇನೆ, ಆದರೆ ಸ್ನಾನ ಮಾಡಿ ಮಡಿಯಲ್ಲಿ ದೇವರ ಮುಂದೆ ಕುಳಿತಾಗ ಎದ್ದು ಬಂದು ಅದರ ಉಚ್ಚೆ ಒರೆಸುವುದು ನನ್ನಿಂದ ಆಗುವುದಿಲ್ಲ, ಈ ಮಂಡಿಯಲ್ಲಿ ಬಗ್ಗುವುದೂ ಆಗುವುದಿಲ್ಲ" ಎಂದರು. ಇಷ್ಟು ಸ್ಪಷ್ಟವಾದ ಉತ್ತರವನ್ನು ನಾವು ಮೂವರೂ ಈವರೆಗೆ ಕೊಟ್ಟಿರಲಿಲ್ಲ. ಕರಾರಿನ ನವೀಕರಣವೂ ಆಗಸ್ಟ್‌ನಲ್ಲಿಯೇ ಇದೆ. ಏಪ್ರಿಲ್‌ನ ಮರಿಯನ್ನು ಬಿಡುವುದೆಂದು ಪತಿಯೂ ಒಪ್ಪಿದ್ದಾರೆ. ಹಾಗಾದರೆ ದಸರಾ ರಜೆಯಲ್ಲಿ ಬೆಳೆದ ನಾಯಿಯೊಂದನ್ನು ದತ್ತು ಪಡೆಯುವುದು ಸೂಕ್ತವೇ?

ಉತ್ತರ: ಪಶುವೈದ್ಯ, ಧಾರವಾಡ

ದಸರಾ ಬೇಡ. ವಿಜಯದಶಮಿಯಾಗಿ ಇಪ್ಪತ್ತು ದಿನಗಳಿಗೆ ದೀಪಾವಳಿ ಬರುತ್ತದೆ. ಹೊಸ ಮನೆಗೆ ಬಂದ ನಾಯಿಗೆ ಬಚ್ಚಿಟ್ಟುಕೊಳ್ಳಲು ಯಾವ ಮೂಲೆ ತನ್ನದು ಎಂಬುದು ತಿಳಿಯುವ ಮೊದಲೇ ಪಟಾಕಿ ಆರಂಭವಾಗುತ್ತದೆ, ಹೆದರಿ ಬಾಗಿಲಿನಿಂದ ನುಸುಳಿ ಓಡಿಹೋಗುವ ನಾಯಿಗಳಲ್ಲಿ ಹೊಸದಾಗಿ ಬಂದವೇ ಹೆಚ್ಚು. ದೀಪಾವಳಿಯ ಪಟಾಕಿಗಳೆಲ್ಲ ಮುಗಿದ ಮೇಲೆ, ಪತಿಯವರು ಒಂದು ವಾರ ರಜೆ ಹಾಕಬಲ್ಲ ದಿನಗಳನ್ನು ಆರಿಸಿಕೊಳ್ಳಿ. ಆಗ ಚಳಿಗಾಲ, ಮಳೆ ಮುಗಿದಿರುವುದರಿಂದ ನಡಿಗೆ ತಪ್ಪುವುದಿಲ್ಲ. ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಹುಳುವಿನ ಕಾಟ ಬೆಂಗಳೂರಿನಲ್ಲಿ ವರ್ಷವಿಡೀ ಇರುವುದರಿಂದ ಅದಕ್ಕೆಂದು ಕಾಯುವುದರಲ್ಲಿ ಅರ್ಥವಿಲ್ಲ. ಹೊರಗಿನಿಂದ ಬಂದ ಕೂಡಲೇ ಕಿವಿಯ ಮಡಿಕೆ ಮತ್ತು ಕಾಲ್ಬೆರಳುಗಳ ಸಂದು ನೋಡುವುದನ್ನು ಮಗಳಿಗೆ ಕಲಿಸಿ. ಆ ಕೆಲಸಕ್ಕೆ ಮಕ್ಕಳ ಕಣ್ಣು ನಮ್ಮದಕ್ಕಿಂತ ಚುರುಕು. ಊಟ ಬಿಟ್ಟು ಮಂಕಾದರೆ ಉಣ್ಣೆಜ್ವರವಿರಬಹುದೆಂದು ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ರಾತ್ರಿ ಕಳೆಯಲೆಂದು ಕಾಯಬೇಡಿ.

ಹಲ್ಲೋ ಉಗುರೋ ತಾಗಿ ಮಗಳ ಚರ್ಮ ತರಚಿದರೆ, ನಾಯಿಗೆ ಲಸಿಕೆಯಾಗಿದ್ದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಆಯ್ಕೆ ಮಾಡಲು ಹೋದಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮೇಲೆ ಹಾರುವ ನಾಯಿಯನ್ನು ಅವರ ಮಂಡಿಯ ಕಾರಣಕ್ಕಾಗಿಯೇ ಬಿಟ್ಟುಬಿಡಬೇಕಾದೀತು. ಪರಿಚಿತರಿಗೆ ಮಾತ್ರ ಇವತ್ತೇ ತಿಳಿಸಿ. ಆ ಮರಿಗೆ ಬೇರೆ ಮನೆ ನೋಡಲು ಅವರಿಗೂ ಸಮಯ ಬೇಕು.